ಜೋಕರ್ ಇಟ್ಟವರು

ಡ್ರಾಯರಿನ ತಳದಲ್ಲಿ ರಬ್ಬರ್ ಹಾಕಿದ್ದ ಇಸ್ಪೀಟಿನ ಕಟ್ಟು ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಇನ್ನೂ ತಂಬಾಕಿನ ಘಾಟು. ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನ ಮೇಲೆ ಇದ್ದ ನಮ್ಮ ಸಾಫ್ಟ್‌ವೇರ್ ಆಫೀಸಿನ ಗೋಡೆ, ಕುರ್ಚಿ, ಚಹದ ಕಪ್ಪಿಗೂ ಅದೇ ವಾಸನೆ ಇತ್ತು. ಕಟ್ಟಿನಲ್ಲಿ ರಾಜ, ರಾಣಿ, ಗುಲಾಮರಿಲ್ಲ. ಅವನ್ನು ನಮ್ಮ ಟೀಮ್ ಲೀಡರ್ ಮೊದಲ ದಿನವೇ ತೆಗೆದು ಎಸೆದಿದ್ದರು.

ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ನಾನು ಪತ್ರಿಕೆಯ ಕೆಲಸ ಬಿಟ್ಟು, ಪರದೆಯ ಮೇಲಿನ ಕನ್ನಡ ಬರೆಯಲು ಅಲ್ಲಿ ಸೇರಿದ್ದೆ. ಎರಡು ಸಾವಿರದ ಹತ್ತರ ಆಚೀಚೆಯ ಮಾತು. ಹೊಸ ಕೆಲಸ ಬಂದಾಗ ಸರ್ ನಾಲ್ವರಿಗೂ ಇಸ್ಪೀಟು, ಆಟೀನು ಹೀಗೆ ಒಂದೊಂದು ಬಣ್ಣದ ಎಕ್ಕದಿಂದ ಹತ್ತರವರೆಗಿನ ಎಲೆ ಹಂಚುತ್ತಿದ್ದರು. ಕೆಲಸ ಎಷ್ಟು ದೊಡ್ಡದು ಅನಿಸುತ್ತದೋ ಅಷ್ಟರ ಎಲೆಯನ್ನು ಮಗುಚಿ ಇಡಬೇಕು, ಎಲ್ಲರೂ ಒಟ್ಟಿಗೆ ತೆರೆಯಬೇಕು. ಎಲ್ಲಕ್ಕಿಂತ ಕಡಿಮೆ ಮತ್ತು ಎಲ್ಲಕ್ಕಿಂತ ಹೆಚ್ಚು ಇಟ್ಟವರು ಮೊದಲು ಮಾತಾಡಬೇಕು. ಏನೂ ಅಂದಾಜಾಗದವರಿಗೆ ಮೇಜಿನ ನಡುವೆ ಜೋಕರ್ ಇರುತ್ತಿತ್ತು. ಪತ್ರಿಕೆಯಲ್ಲಿ ಪುಟ ಮುಗಿಸುವ ಗಡುವಿಗೆ ಒಗ್ಗಿದ್ದ ನನಗೆ ಇದು ಕಾಲಹರಣವಾಗಿ ಕಂಡಿತ್ತು.

ಆ ವರ್ಷ ಕೃಷ್ಣೆಯ ದಂಡೆಯ ಹಳ್ಳಿಗಳಿಂದ ಹಾಲು ಕೊಳ್ಳುವ ಡೇರಿಯೊಂದು ನಮಗೆ ಕೆಲಸ ಕೊಟ್ಟಿತ್ತು. ಹಾಲು ಅಳೆದ ಕೂಡಲೇ ಕಂಪ್ಯೂಟರಿನಿಂದ ಅಳತೆಯ ಚೀಟಿ ಬರಬೇಕು. ದೀಪಾವಳಿಯೊಳಗೆ ಎಲ್ಲ ಹಾಲು ಸಂಗ್ರಹ ಕೇಂದ್ರಗಳಲ್ಲೂ ಆಗುತ್ತದೆ ಎಂದು ನಮ್ಮ ಮಾಲೀಕರು ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟಿದ್ದರು. ಕೊಲ್ಹಾಪುರದ ಇನ್ನೊಂದು ಕಂಪನಿ ಡೇರಿಯ ಬಾಗಿಲಲ್ಲೇ ನಿಂತಿತ್ತು. ಈ ಕೆಲಸ ಹೋದರೆ ಆಫೀಸಿಗೆ ಬೀಗ ಬೀಳುವುದು ನಮಗೆಲ್ಲ ಗೊತ್ತಿತ್ತು.

ಹಬ್ಬ ಹತ್ತಿರವಾದಾಗ ಡೇರಿಯ ಅಧ್ಯಕ್ಷರು, ಹಾಲು ಸಂಗ್ರಹದ ಮೇಲ್ವಿಚಾರಕಿಯನ್ನು ಕರೆದುಕೊಂಡು ಬಂದರು. ಮೇಜಿನ ಮೇಲಿನ ಎಲೆ ನೋಡಿ ಅಧ್ಯಕ್ಷರ ಮುಖ ಬಿಗಿಯಾಯಿತು.

"ಕೆಲಸ ಮಾಡ್ತೀರೋ, ಇಸ್ಪೀಟ್ ಆಡ್ತೀರೋ?"

"ನೀವೂ ಕೂಡ್ರಿ ಅಧ್ಯಕ್ಷರ. ರೊಕ್ಕ ಹಚ್ಚೂದಿಲ್ಲ," ಎಂದರು ಸರ್.

ಮಾಲೀಕರು ಕಣ್ಣು ಕೆಕ್ಕರಿಸಿದರು. ಸರ್ ಅತ್ತ ನೋಡದೆ ನಮ್ಮಲ್ಲಿಬ್ಬರ ಎಲೆ ತೆಗೆದು ಬಂದ ಇಬ್ಬರಿಗೂ ಹಂಚಿದರು. ಚೀಟಿಯ ಕೆಲಸಕ್ಕೆ ಅಧ್ಯಕ್ಷರು ಎರಡು ಇಟ್ಟರು, ಮೇಲ್ವಿಚಾರಕಿ ಹತ್ತು.

"ಅಂಗಡ್ಯಾಗ ಬಿಲ್ ಬರೂದಿಲ್ಲೇನ? ಅಷ್ಟ ಐತಿ," ಎಂದರು ಅಧ್ಯಕ್ಷರು.

ಆಕೆ ಅವರನ್ನು ತಡೆದು ಹೇಳಿದರು: "ಕರೆಂಟ್ ಹೋದ್ರ ಏನ್ ಮಾಡೂದ್ರಿ? ಕ್ಯಾನಿಗೆ ಸುರುವಿದ ಹಾಲು ತಿರುಗಿ ಅಳ್ಯಾಕ ಬರ್ತೈತೇನ್ರಿ?"

ಇನ್ವರ್ಟರ್ ತರಿಸುವುದಿದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಎರಡು ಇಟ್ಟೆ ಎಂದರು ಅಧ್ಯಕ್ಷರು. ಆ ವಿಷಯ ಆಕೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಯಾವ ಕೇಂದ್ರಕ್ಕೆ ಮೊದಲು ಎಂದು ಆಕೆ ಕೇಳಿದಾಗ ಅವರು ತಮ್ಮ ಎಲೆಯನ್ನು ಹಿಂದಕ್ಕೆ ಎಳೆದುಕೊಂಡರು. ತಿಂಗಳುಗಟ್ಟಲೆ ಒಂದೇ ಕೆಲಸದ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದೆವು... ಒಬ್ಬೊಬ್ಬರ ತಲೆಯಲ್ಲೂ ಬೇರೆ ಬೇರೆ ಕೆಲಸವಿತ್ತು.

ಮಾಲೀಕರು ಮಾತು ತಿರುಗಿಸಲು ನೋಡಿದರು. "ಅದೆಲ್ಲಾ ಆಮ್ಯಾಲ. ಹಬ್ಬದೊಳಗ ಎಲ್ಲಾ ಕೇಂದ್ರ ಆಗ್ತಾವ ಅಂತ ಹೇಳ್ರಿ."

ಸರ್ ಕೈಚಾಚಿ ಜೋಕರ್ ಎತ್ತಿ ಅಧ್ಯಕ್ಷರ ಮುಂದೆ ಇಟ್ಟರು.

"ಗೊತ್ತಿಲ್ರಿ. ಒಂದು ಕೇಂದ್ರ ನಡಸಿ ನೋಡಿ, ಉಳಿದದ್ದು ಹೇಳ್ತೀನಿ."

ಮಾಲೀಕರ ಕುತ್ತಿಗೆ ಕೆಂಪಾಗಿತ್ತು. ಅಧ್ಯಕ್ಷರು ಆ ಎಲೆಯನ್ನು ಬೆರಳಿನಿಂದ ಎರಡು ಸಲ ತಿರುಗಿಸಿದರು.

"ಜುಗೂಳ ಕೇಂದ್ರ ಒಂದ ಮಾಡ್ರಿ, ಇನ್ವರ್ಟರ್ ಮೊದಲ ಅಲ್ಲೇ ಕೂಡಸ್ತೀನಿ. ಅಲ್ಲಿ ಹಾಲು ಕೆಟ್ರ ಮತ್ತ ನನ್ನ ಮುಂದ ಬರಬ್ಯಾಡ್ರಿ."

ಅವರು ಇಳಿದು ಹೋದ ಮೇಲೆ, ಜುಗೂಳ ಕೆಟ್ಟರೆ ನಿಮಗೂ ಇಲ್ಲಿ ಜಾಗವಿಲ್ಲ ಎಂದು ಮಾಲೀಕರು ನಮ್ಮೆಲ್ಲರೆದುರೇ ಸರ್‌ಗೆ ಹೇಳಿದರು. ಸರ್ ಎಲೆಗಳನ್ನು ಜೋಡಿಸುತ್ತ ಹೂಂ ಎಂದರು.

ಜುಗೂಳದಲ್ಲಿ ಶುರುವಾದ ದಿನ ಬೆಳಿಗ್ಗೆ ಹಾಲು ತಂದವರ ಸಾಲು ರಸ್ತೆಯವರೆಗೂ ಬೆಳೆದಿತ್ತು. ಒಬ್ಬಾಕೆ ತನ್ನ ಎಮ್ಮೆಯ ಹಾಲು ಸುರಿದ ಮರುಕ್ಷಣ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. "ನನ್ನ ಹಾಲು ಎಷ್ಟಾತು?" ಎಂದು ಆಕೆ ಕೇಳಿದಳು. ಹಿಂದಿನವರು ಕ್ಯಾನು ಕುಟ್ಟತೊಡಗಿದರು. ಸರ್ ಗೋಡೆಗೆ ಒರಗಿ ನಿಂತಿದ್ದರು. ಇನ್ವರ್ಟರ್ ಗುಂಯ್ ಎಂದಿತು. ಕಂಪ್ಯೂಟರ್ ಮತ್ತೆ ಏಳುವವರೆಗೆ ಯಾರೂ ಕದಲಲಿಲ್ಲ. ಅಳೆದ ಕ್ಷಣವೇ ಉಳಿಸಿಡುವಂತೆ ಮಾಡಿದ್ದರಿಂದ ಆಕೆಯ ಅಳತೆ ಪರದೆಯ ಮೇಲೆ ಹಾಗೇ ಇತ್ತು, ಚೀಟಿ ಹೊರಬಂತು.

ಎಲ್ಲ ಕೇಂದ್ರ ಮುಗಿಯುವಷ್ಟರಲ್ಲಿ ಹಬ್ಬ ಕಳೆದು ಬೇಸಿಗೆ ಬಂದಿತ್ತು. ಆದರೆ ಜುಗೂಳದ ನಂತರ ಸರ್ ಹೇಳಿದ ತಿಂಗಳಲ್ಲೇ ಮುಗಿಯಿತು. ಆಮೇಲೆ ಅಧ್ಯಕ್ಷರು ದಿನಾಂಕವನ್ನು ಮಾಲೀಕರ ಬಳಿ ಕೇಳದೆ ಸರ್ ಬಳಿಯೇ ಕೇಳುತ್ತಿದ್ದರು.

ಕೆಲವು ವರ್ಷಗಳ ನಂತರ ಸರ್ ಮಿರಜಿನ ಆಸ್ಪತ್ರೆ ಸೇರಿದರು. ನಾನು ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಕೇಳಿದೆ.

"ಜೋಕರ್ ಇಟ್ಟೇನಿ," ಎಂದರು.

ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಅವರು ಮತ್ತೆ ಬರಲಿಲ್ಲ, ಈ ಕಟ್ಟು ನನ್ನ ಬಳಿ ಉಳಿಯಿತು. ಈಗ ಎಲೆಗಳನ್ನು ಒಮ್ಮೆ ಹರಡಿ ನೋಡಿ, ಮತ್ತೆ ರಬ್ಬರ್ ಹಾಕಿದೆ. ಬೆರಳಿಗೆ ತಂಬಾಕಿನ ವಾಸನೆ ಹತ್ತಿದೆ, ಇನ್ನೂ ತೊಳೆದಿಲ್ಲ.