ಮುಸಾಫಿರಖಾನೆಯ ಕೆಟ್ಲು

ಇವತ್ತು ಬೆಳಿಗ್ಗೆ ಹೆಂಡತಿ ನಮ್ಮ ಮನೆಯ ಕೆಟ್ಲಿನಲ್ಲಿ ಹುಣಸೆಹಣ್ಣಿನ ನೀರು ಕುದಿಸುತ್ತಿದ್ದಳು. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೋಗಿ ಕೆಟ್ಲಿನ ತಳ ನೋಡಲು ಒಲೆಗೆ ಬಗ್ಗಿದೆ. ಮೀಸೆ ಚುರುಗುಟ್ಟಿತು. "ಒಲೆಯೊಳಗೆ ನಿಧಿ ಐತೇನ್ರೀ?" ಎಂದಳು. ನಿಧಿಯಲ್ಲ, ಎಲ್ಲಿ ಸೋರುತ್ತದೋ ಎಂಬ ಭಯ. ಇಪ್ಪತ್ತು ವರ್ಷದ್ದು.

ಮಧುಗಿರಿಯ ಮುಸಾಫಿರಖಾನೆಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ, ನಾನು ಹಂಗಾಮಿ ಅಡುಗೆಯವನಾಗಿದ್ದೆ. ಆಗಷ್ಟೇ ಮದುವೆಯಾಗಿತ್ತು. ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ. ಬಂಗಲೆಯ ಉಸ್ತುವಾರಿ ನೋಡುತ್ತಿದ್ದ ಮೇಟಿಯನ್ನು ಅಣ್ಣ ಎನ್ನುತ್ತಿದ್ದೆ. ಉಪ್ಪಾದ ಸಾರನ್ನೂ ಮತ್ತೆ ಬಡಿಸಿಕೊಂಡು ಉಣ್ಣುತ್ತಿದ್ದ ಮನುಷ್ಯ...

ಅಲ್ಲಿನ ಬಾವಿ ನೀರು ಗಡಸು. ತಾಮ್ರದ ಕೆಟ್ಲಿನೊಳಗೆ ಬಿಳಿ ಸುಣ್ಣ ದಪ್ಪಗೆ ಕಟ್ಟಿತ್ತು. ಸರ್ಕಾರಿ ಸಾಮಾನಿನ ತಪಾಸಣೆಗೆ ತುಮಕೂರಿನಿಂದ ಸಾಹೇಬರು ಬರುವ ಹಿಂದಿನ ದಿನ ಅಣ್ಣ ನನ್ನನ್ನು ಕರೆದು, "ಲೇ, ನಾಳೆ ಟೀ ನಿನ್ ಕೈದೇ. ಕೆಟ್ಲ ಚೆಂದಾಗಿ ತೊಳ್ದುಬುಡು. ಸಾಹೇಬ್ರು ಮೆಚ್ಚಿದ್ರೆ ಖಾಯಂ ಆಯ್ತು ಅಂತ್ಲೇ ತಿಳ್ಕೊ" ಎಂದರು. ತೊಳೆಯುವ ಬಗೆಯನ್ನೂ ಅವರೇ ಕೂತು ಹೇಳಿಕೊಟ್ಟರು. ಹಳೆ ಹುಣಸೆಹಣ್ಣು ಕಿವುಚಿದ ನೀರು ತುಂಬಿ ಕುದಿಸಬೇಕು, ಆರಲು ಬಿಡಬೇಕು, ಸುಣ್ಣ ಮೆತ್ತಗಾದ ಮೇಲೆ ತೆಂಗಿನ ನಾರಿಗೆ ಬೂದಿ ಹಚ್ಚಿ ತಿಕ್ಕಬೇಕು. ಮೂರು ಸಲ ಮಾಡಿದೆ. ಸಂಜೆಗೆ ಸುಣ್ಣವೆಲ್ಲ ಹೋಯಿತು. ಹೊರಗೆ ನಿಂಬೆ ಹೋಳು ಉಜ್ಜಿದಾಗ ತಾಮ್ರದಲ್ಲಿ ನನ್ನ ಮುಖ ಕಂಡಿತು. ಆಗಲೇ ಖಾಯಂ ಆದವನ ಮುಖ.

ಬೆಳಿಗ್ಗೆ ನೀರು ತುಂಬಿ ಒಲೆಯ ಮೇಲಿಟ್ಟೆ. ಬೆಂಕಿ ಚುಂಯ್ ಎಂದು ಆರಿತು. ತಳದಲ್ಲಿ ಸೂಜಿ ಮೊನೆಯಷ್ಟು ತೂತು. ಟೀ ತಡವಾಯಿತೆಂದು ಸಾಹೇಬರು ಅಡುಗೆಮನೆ ಬಾಗಿಲಿಗೇ ಬಂದರು. ಅಣ್ಣ ಕೈಕಟ್ಟಿ ನಿಂತು, "ಉಜ್ಜಿ ಉಜ್ಜಿ ತೂತು ಮಾಡ್ಬುಟ್ಟವ್ನೆ ಸ್ವಾಮಿ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಏನು ಕೆಟ್ಟರೂ ನನ್ನ ಕೈಯಿಂದಲೇ ಎಂದು ನಂಬುವುದು ನನಗೆ ಮೊದಲಿನಿಂದಲೂ ಸುಲಭ. ಅಂದೇ ಕೆಲಸ ಹೋಯಿತು.

ಹೋಗುವ ಮುಂಚೆ ಬೆಸುಗೆ ಹಾಕಿಸಿಕೊಡೋಣವೆಂದು ಕೆಟ್ಲನ್ನು ಪೇಟೆಯ ಕಲಾಯಿ ಸಾಬರ ಹತ್ತಿರ ಒಯ್ದೆ. ಅವರು ತಿರುಗಿಸಿ ನೋಡಿ ನಕ್ಕರು.

"ಅರೆ, ಇದು ಹಳೇ ತೂತು ಕಣಪ್ಪ. ನಿಮ್ ಮೇಟಿ ನೀರಿಲ್ದೆ ಒಲೆ ಮೇಲೆ ಬುಟ್ಟು ಸುಟ್ಟಿದ್ದು. ಹೋದ್ ವರ್ಸಾನೇ ತಂದು ತೋರ್ಸಿದ್ರು. ಬೆಸುಗೆ ಗುರ್ತು ಕಂಡ್ರೆ ತಪಾಸಣೇಲಿ ತಮ್ ತಲೆಗೇ ಬತ್ತೈತೆ ಅಂತ ಹಾಕುಸ್ಲಿಲ್ಲ. ಸುಣ್ಣ ಕಟ್ಟಿ ಮುಚ್ಕಂಡೈತೆ, ಹುಣಸೆಹಣ್ಣು ಮಾತ್ರ ಹಾಕ್ಬ್ಯಾಡಿ ಅಂದಿದ್ದೆ."

ಬೆಸುಗೆ ಹಾಕಿಸಿ ಕೆಟ್ಲನ್ನು ಅದರ ಜಾಗದಲ್ಲಿಟ್ಟೆ. ಅಣ್ಣ ನನ್ನ ಮುಖ ನೋಡದೆ, "ಉಂಡ್ಕೊಂಡು ಹೋಗ್ಲಾ" ಎಂದರು. ಏನೇನೋ ಕೇಳಬೇಕೆಂದು ಬಂದವನು, ಕೂತು ಉಂಡೆ. ಇವತ್ತಿಗೂ ನಾಚಿಕೆ ಅದಕ್ಕೇ.

ಅಣ್ಣ ತೀರಿಕೊಂಡರೆಂದು ಈಚೆಗೆ ಅವರ ಊರು ಪುರವರದ ಕಡೆಯವರೊಬ್ಬರು ಹೇಳಿದರು. ಬಾಯಿಬಿಟ್ಟು ಕೇಳಿಕೊಂಡಿದ್ದರೆ ಆ ತಪ್ಪನ್ನು ನಾನಾಗಿಯೇ ಹೊರುತ್ತಿದ್ದೆನೇನೋ... ಅವರು ಕೇಳಲಿಲ್ಲ. ಪಕ್ಕದಲ್ಲಿ ಕೂತು, ಸಮಾಧಾನವಾಗಿ, ತೊಳೆಯುವುದನ್ನು ಹೇಳಿಕೊಟ್ಟರು.

ಹೆಂಡತಿ ಕೆಟ್ಲನ್ನು ತೊಳೆದು ತಂದಳು. ನಾನು ನೀರು ತುಂಬಿ, ಒಣ ಬೂದಿಯ ಮೇಲಿಟ್ಟು ಕಾದೆ. ಎತ್ತಿ ನೋಡಿದೆ. ಬೂದಿ ನೆನೆದಿರಲಿಲ್ಲ. ಮತ್ತೆ ಇಟ್ಟು, ಇನ್ನಷ್ಟು ಹೊತ್ತು ಕಾದೆ.