ಗಾದಿಯ ಮೇಲೆ ಕಾಲು ಚಾಚುವಂತಿಲ್ಲ

ಗೋವಾದ ಕುಂಕಳ್ಳಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಕೂರುವವರು ಒಬ್ಬರು, ಹತ್ತುವವರು ಒಬ್ಬರು. ಕೂರುವವರು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ. ಹತ್ತುವವರು ನಮ್ಮ ಮನೆಯವರು. ನಾನು ಬೆಳಗಾವಿಯಿಂದ ಮದುವೆಯಾಗಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಬಂದ ವಾರದಲ್ಲೇ ಈ ವ್ಯವಸ್ಥೆ ಕಣ್ಣಿಗೆ ಬಿತ್ತು, ಅಂದಿನಿಂದಲೇ ನನ್ನ ಹೊಟ್ಟೆ ಉರಿಯತೊಡಗಿತು.

ಅಂಗಡಿಯ ಎಡಮೂಲೆಯಲ್ಲಿ ಹತ್ತಿಯ ಗಾದಿ, ಅದಕ್ಕೆ ದಿನಾ ಮಡಿ ಮಾಡಿದ ಬಿಳಿ ಹೊದಿಕೆ, ಒರಗಲು ಲೋಡು, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನೇ ಮಾಲೀಕ. ಕಾಲು ಚಾಚುವಂತಿಲ್ಲ. ಗಲ್ಲಾಕ್ಕೆ ಪಾದ ತೋರಿಸಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು, ಘಟ್ಟದ ಮೇಲಿನಿಂದ ಬಂದು ಇಲ್ಲಿ ಅಂಗಡಿ ಇಟ್ಟ ನಮ್ಮ ಮಾವನವರು ಹಾಕಿಕೊಟ್ಟ ಕಟ್ಟಳೆ. ಅಂಗಡಿ ತೆರೆದ ಮೇಲೆ ಗಾದಿ ಖಾಲಿ ಬಿಡುವಂತೆಯೂ ಇಲ್ಲ. ಹಾಗಾಗಿ ಭಾವ ಬೆಳಿಗ್ಗೆ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೆ, ಮತ್ತೆ ಕೂತರೆ ಬಾಗಿಲು ಹಾಕುವಾಗ. ಏಳಬೇಕಾಗುತ್ತದೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಕರಿ ಟೋಪಿ, ಬೆಣ್ಣೆಯಂಥ ಕೈ, ಹೊಟ್ಟೆಯಂತೂ ಅವರಿಗಿಂತ ಮೊದಲೇ ಗಾದಿಗೆ ತಲುಪುತ್ತಿತ್ತು.

ನಮ್ಮ ಮನೆಯವರದು ನಿಚ್ಚಣಿಕೆಯ ಬದುಕು. ಮೂರು ಗೋಡೆಗೂ ಮಾಳಿಗೆ ಮುಟ್ಟುವ ಹಲಗೆಗಳು, ತುಂಬ ಬಟ್ಟೆ. ಕಾರ್ಖಾನೆಯ ಕೂಲಿಯವರಿಗೆ ಖಾಕಿ, ಹಳ್ಳಿಯ ಹೆಂಗಸರಿಗೆ ಸೀರೆ, ಮದುವೆಯವರಿಗೆ ರೇಷ್ಮೆ. ಭಾವ ಬೆರಳು ತೋರಿಸಿದತ್ತ ಇವರು ಹತ್ತಬೇಕು, ಬಗಲಲ್ಲಿ ಬಟ್ಟೆ ಹಿಡಿದು ಇಳಿಯಬೇಕು, ಗಿರಾಕಿ ಮೂಗು ಮುರಿದರೆ ಮತ್ತೆ ಹತ್ತಬೇಕು. ನಲವತ್ತು ದಾಟಿದ ಗಂಡಸು ಮಂಗನ ಹಾಗೆ ಹತ್ತಿ ಇಳಿಯುವುದನ್ನು ಅಂಗಡಿಗೂ ಮನೆಗೂ ನಡುವಿನ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ, ಹಲ್ಲು ಕಡಿಯುತ್ತಿದ್ದೆ. ಮನೆ ಅಂಗಡಿಯ ಹಿಂದೆಯೇ. ಮುಂದಿನ ದೊಡ್ಡ ಕೋಣೆಗಳು ಭಾವನವರದು, ಹಿತ್ತಲ ಕಡೆಯ ಎರಡು ನಮ್ಮದು.

ಒಂದು ಮಾತು ಒಪ್ಪಲೇಬೇಕು. ಹತ್ತಿ ಇಳಿದು ನಮ್ಮ ಮನೆಯವರ ಮೈ ಬೆತ್ತದ ಹಾಗಿತ್ತು, ಒಂದು ದಿನ ನೆಗಡಿ ಎಂದವರಲ್ಲ. ಕೊಳೆತದ್ದು ಕೂತವರ ಮೈ. ಕೆಲವೇ ವರ್ಷಗಳಲ್ಲಿ ಭಾವನವರನ್ನು ಗಾದಿಯಿಂದ ಎಬ್ಬಿಸಲು ಇಬ್ಬರು ಬೇಕಾದರು. ಒಂದು ಕಂಕುಳಿಗೆ ತಮ್ಮ, ಇನ್ನೊಂದಕ್ಕೆ ಹೆಂಡತಿ. ಎದ್ದ ಮೇಲೂ ಕಾಲು ಜೋಮು ಹಿಡಿದು ಗೋಡೆ ಹಿಡಿದು ನಿಲ್ಲುತ್ತಿದ್ದರು. ಮಡಗಾಂವದ ಡಾಕ್ಟರು ನೋಡಿ, ಸಕ್ಕರೆ ಏರಿದೆ, ಹೀಗೇ ಕೂತರೆ ಕಾಲು ಕೈಬಿಡುತ್ತದೆ, ದಿನಾ ಬೆಳಿಗ್ಗೆ ಒಂದು ತಾಸು ನಡೆಯಲೇಬೇಕು ಎಂದರಂತೆ. ಭಾವ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮನೆಗೆ ಬಂದರು.

ನನಗೆ ಮಾತ್ರ ಹಬ್ಬವಾಯಿತು. ಭಾವನವರಿಗೆ ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಬೆಳಿಗ್ಗೆ ಅವರು ನಡೆಯಲು ಹೋದರೆ ಗಾದಿಯ ಮೇಲೆ ಕೂರುವವರು ಯಾರು? ತಮ್ಮನೇ ತಾನೆ! ಒಂದು ತಾಸು ಕೂತವನು ನಾಳೆ ಎರಡು ತಾಸು ಕೂರುತ್ತಾನೆ. ನಾನೇ ಹಟ ಹಿಡಿದು ಭಾವನವರಿಗೆ ಕ್ಯಾನ್ವಾಸ್ ಬೂಟು ತರಿಸಿದೆ. ಭಾವನ ಎದುರು ಸೆರಗು ಹೊದ್ದು ಸುಮ್ಮನಿರಬೇಕಾದ ಸೊಸೆ ನಾನು. ಆದರೂ ಬೆಳಗಾದರೆ ಪರದೆಯ ಹಿಂದಿನಿಂದ, "ಭಾವಾರ, ಹೊತ್ತಾತ್ರಿ, ಅಡ್ಡ್ಯಾಡಾಕ ಹೋಗ್ರಿ," ಎಂದು ಶುರುಮಾಡಿದೆ. ಎಷ್ಟು ಕಾಳಜಿಯ ಹೆಣ್ಣುಮಗಳು ಎಂದು ನೆರೆಮನೆಯವರು ಹೊಗಳಿದರು.

ಭಾವ ದಡ್ಡರಲ್ಲ. ಬೂಟಿನ ದಾರ ಕಟ್ಟಿಸಿಕೊಂಡು, ಗಾದಿಯನ್ನೊಮ್ಮೆ ನೋಡಿ, ಪರದೆಯ ಕಡೆ ಮುಖ ಮಾಡಿ ಹೇಳಿದರು.

"ತಮ್ಮ ಕುಂತ್ರ ನಿಚ್ಚಣಿಕಿ ಯಾರ ಹತ್ತತಾರವಾ? ನಾ ಬರೂತನಕ ನಿಮ್ಮ ಅಕ್ಕ ಕುಂಡ್ರತಾಳ."

ಅಕ್ಕ ಎಂದರೆ ಭಾವನವರ ಹೆಂಡತಿ, ನನ್ನ ನೆಗೆಣ್ಣಿ. ಆಕೆ ಅಲ್ಲಿಯವರೆಗೆ ಅಂಗಡಿಯ ಹೊಸ್ತಿಲನ್ನೂ ಸರಿಯಾಗಿ ದಾಟಿದವರಲ್ಲ. ಒಲೆಯ ಮುಂದೆ ನಿಂತು ನಿಂತು ಅವರ ಕಾಲು ಊದಿ ಕಂಬವಾಗಿದ್ದವು, ಅದಕ್ಕೆ ಯಾವ ಡಾಕ್ಟರನ್ನೂ ಯಾರೂ ಕರೆಸಿರಲಿಲ್ಲ. ಹೆಂಗಸು ಕೂತರೆ ಏನಾಗುತ್ತದೆ, ಬರೀ ಜಾಗ ಕಾಯ್ದಂತೆ ಎಂದು ಭಾವನವರ ಎಣಿಕೆ. ಆಕೆ ಕೈ ಒರೆಸಿಕೊಂಡು ಬಂದರು, ಲಕ್ಷ್ಮಿಯ ಪಟಕ್ಕೆ ಕೈಮುಗಿದರು, ಸೀರೆಯ ನೆರಿಗೆ ಸರಿಸಿ ಚಕ್ಕಳಮಕ್ಕಳ ಹಾಕಿ ಕೂತರು. ಆ ಕ್ಷಣ ಆಕೆಯ ಮುಖದಲ್ಲಿ ಕಂಡ ಸುಖವನ್ನು ನಾನು ನೋಡಬಾರದಿತ್ತು.

ಭಾವ ಮೊದಲ ದಿನ ಚರ್ಚಿನ ತನಕ ಹೋಗಿ ಬಂದರು. ಧೋತರ, ಕರಿ ಟೋಪಿ, ಕೊಡೆ, ಕಾಲಲ್ಲಿ ಬಿಳಿ ಬೂಟು. ಅವರು ನಡೆದುಹೋಗುವುದನ್ನು ಎಂದೂ ಕಾಣದ ಪೇಟೆಯವರು ಯಾರೋ ಸತ್ತಿರಬೇಕೆಂದು ಅಂಗಡಿಗೆ ವಿಚಾರಿಸಲು ಬಂದರು. ದಿನ ಕಳೆದಂತೆ ಚರ್ಚು ದಾಟಿ ಗದ್ದೆಯ ದಾರಿ ಹಿಡಿದರು. ಹೊಟ್ಟೆ ಇಳಿಯಿತು, ಧೋತರ ಜಾರತೊಡಗಿತು, ಕೆನ್ನೆಗೆ ಬಣ್ಣ ಬಂತು. ಎಬ್ಬಿಸಲು ಯಾರೂ ಬೇಡವಾಯಿತು. ನನ್ನ ಪುಣ್ಯದಿಂದ ಆ ಮನುಷ್ಯ ಬದುಕಿಕೊಂಡ, ನೋಡಿ, ನನಗೆ ಬೇಕಾಗಿದ್ದದ್ದು ಅದಲ್ಲ.

ಇತ್ತ ಅಕ್ಕನಿಗೆ ವ್ಯಾಪಾರ ಕೈಗೆ ಹತ್ತಿಬಿಟ್ಟಿತು. ಗಂಡಸಿನ ಎದುರು ನಾಚಿಕೊಂಡು ಸಿಕ್ಕಿದ್ದು ಕೊಂಡುಹೋಗುತ್ತಿದ್ದ ಹಳ್ಳಿಯ ಹೆಂಗಸರು ಈಕೆಯ ಎದುರು ಕಾಲು ಮಡಚಿ ಕೂತು ಸೀರೆಗಳನ್ನು ಎದೆಗೆ ಹಿಡಿದು ನೋಡತೊಡಗಿದರು. ಹರಕು ಮುರುಕು ಕೊಂಕಣಿಯಲ್ಲೇ ಈಕೆ ಅವರ ಮನೆಯ ಬಾಣಂತನ, ಜಗಳ ಎಲ್ಲ ತಿಳಿದುಕೊಂಡರು. ಬೆಳಗಿನ ಹೊತ್ತೇ ಅಂಗಡಿ ತುಂಬುತ್ತಿತ್ತು. ಒಂದು ದಿನ ಭಾವ ತಿರುಗಾಟ ಮುಗಿಸಿ ಬಂದು, ಬೂಟು ಕಳಚಿ, ಗಾದಿಯ ಮುಂದೆ ನಿಂತರು. ಅಕ್ಕ ಗಿರಾಕಿಗೆ ಸೀರೆಯ ಅಂಚು ತೋರಿಸುತ್ತ, ತಲೆಯನ್ನೂ ಎತ್ತದೆ ಹೇಳಿದರು.

"ಇನ್ನೊಂದ ಸುತ್ತ ಅಡ್ಡ್ಯಾಡಿ ಬರ್ರಿ. ಡಾಕ್ಟರ್ ಹೇಳ್ಯಾರಲ್ಲ."

ಭಾವ ಮತ್ತೆ ಬೂಟು ಹಾಕಿಕೊಂಡರು. ನಾನು ಪರದೆಯ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ಮನುಷ್ಯ ಮತ್ತೆಂದೂ ಆ ಗಾದಿಯ ಮೇಲೆ ಕೂರಲಿಲ್ಲ. ಕೇಳಿದವರಿಗೆ ಆರೋಗ್ಯ ಮುಖ್ಯ ಎನ್ನುತ್ತ ಊರೆಲ್ಲ ತಿರುಗುತ್ತಿದ್ದರು.

ನನ್ನ ನಗು ಬಹಳ ದಿನ ಬಾಳಲಿಲ್ಲ. ನಿಚ್ಚಣಿಕೆಯ ಮೇಲೆ ಇದ್ದವರು ನಿಚ್ಚಣಿಕೆಯ ಮೇಲೆಯೇ ಇದ್ದರು. ಭಾವ ಒಂದು ಸಲ ಬೆರಳು ತೋರಿಸಿದರೆ ಅಕ್ಕ ಹತ್ತು ಸಲ ತೋರಿಸುತ್ತಿದ್ದರು. ಅಂಗಡಿಯನ್ನು ಚಂದ ಮಾಡುವ ಹುಚ್ಚೂ ಹತ್ತಿತು. ನಮ್ಮದು ನುಣುಪಾದ ಕೆಂಪು ಗಾರೆಯ ನೆಲ. ಮಳೆಗಾಲದಲ್ಲಿ ಗಿರಾಕಿಗಳ ಕೊಡೆಯಿಂದ ನೀರು ಸುರಿದು ಎಣ್ಣೆ ಚೆಲ್ಲಿದಂತಾಗುತ್ತಿತ್ತು. ಅದಕ್ಕೇ ನಿಚ್ಚಣಿಕೆಯ ಬುಡಕ್ಕೆ ಯಾವತ್ತೂ ಒಂದು ಗೋಣಿಚೀಲ. ಭಾವ ಏನೇ ಇರಲಿ, ಆ ಚೀಲ ಸರಿಯಾಗಿದೆಯೇ ಎಂದು ನೋಡದೆ ತಮ್ಮನನ್ನು ಹತ್ತಿಸಿದವರಲ್ಲ. ಅಕ್ಕ ಅದನ್ನು ಎತ್ತಿಸಿ ಹಿತ್ತಲಿಗೆ ಎಸೆಸಿದರು. ಗಣೇಶ ಚವತಿಯ ವ್ಯಾಪಾರದ ಹೊತ್ತಿಗೆ ಒಳಗೆ ಬರುತ್ತಲೇ ಹೊಲಸು ಚೀಲ ಕಂಡರೆ ಗಿರಾಕಿ ಏನು ತಿಳಿದಾರು ಎಂದರು. ಜಾರುತ್ತದೆ ವೈನಿ ಎಂದು ನಮ್ಮ ಮನೆಯವರು ಅತ್ತಿಗೆಗೆ ಮೆಲ್ಲಗೆ ಹೇಳಿದ್ದರಂತೆ. ಇಷ್ಟು ವರ್ಷ ಹತ್ತಿದವರಿಗೆ ಈಗ ಹೆದರಿಕೆಯೇ ಎಂದು ಆಕೆ ಗಿರಾಕಿಗಳ ಮುಂದೆಯೇ ನಕ್ಕರಂತೆ.

ಚವತಿಗೆ ಎರಡು ದಿನ ಇತ್ತು. ಮಳೆ ಹುಯ್ಯುತ್ತಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಯಾರೋ ಒಬ್ಬಾಕೆ ಹಸಿರು ಸೀರೆ ಕೇಳಿದಳು. ಇವರು ತಂದದ್ದನ್ನೆಲ್ಲ ಬೇಡವೆಂದಳು. ಪರದೆಯ ಹಿಂದೆ ನನಗೆ ಅಕ್ಕನ ದನಿ ಕೇಳುತ್ತಿತ್ತು.

"ಅದಲ್ಲ, ಅದರ ಮ್ಯಾಲಿಂದು. ಇನ್ನೂ ಮ್ಯಾಲ ಹೋಗ್ರಿ."

ಅವರು ಇನ್ನೂ ಮೇಲೆ ಹೋದರು. ನಿಚ್ಚಣಿಕೆಯ ಬುಡ ಜಾರಿತು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಅವರು ಸೀರೆಗಳ ನಡುವೆ ಬಿದ್ದಿದ್ದರು, ಬಲಗಾಲಿನ ಮೊಣಕಾಲ ಚಿಪ್ಪು ಒಡೆದಿತ್ತು. ಅಕ್ಕ ಗಾದಿಯಿಂದ ಅರ್ಧ ಎದ್ದವರು ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದರು. ಹಸಿರು ಸೀರೆಯವಳು ಏನೂ ಕೊಳ್ಳದೆ ಹೋದಳು.

ಮರುದಿನ ಗೋಣಿಚೀಲ ತಿರುಗಿ ಬಂತು. ಏಕೆಂದರೆ ಈಗ ಹತ್ತುವವರು ಭಾವ. ನಡೆದು ನಡೆದು ಗಟ್ಟಿಯಾದ ಆ ಕಾಲುಗಳಿಗೆ ಅಕ್ಕ ಕೆಲಸ ಹುಡುಕಿಕೊಟ್ಟಿದ್ದರು. ಅರವತ್ತರ ಹತ್ತಿರದ ಮನುಷ್ಯ, ಟೋಪಿ ಸಮೇತ ಮೇಲೆ ಹತ್ತುತ್ತಿದ್ದರು.

ಪ್ಲಾಸ್ಟರು ತೆಗೆದಾಗ ನಮ್ಮ ಮನೆಯವರ ಕಾಲು ಒಣಗಿದ ನುಗ್ಗೆಕಾಯಿಯಂತೆ ನೆಟ್ಟಗಿತ್ತು. ಮಡಚಲು ಬರುತ್ತಿರಲಿಲ್ಲ. ಇನ್ನು ನಿಚ್ಚಣಿಕೆಯ ಮಾತೇ ಇಲ್ಲ ಎಂದರು ಡಾಕ್ಟರು. ಒಳ್ಳೆಯದೇ ಆಯಿತು ಎಂದುಕೊಂಡು ನಾನು ಸೆರಗು ಬಿಗಿದು ಅಂಗಡಿಗೇ ಹೋದೆ. ನೀವು ಕೆಡವಿದ ಮನುಷ್ಯ, ಈಗ ನೀವೇ ಕೂರಿಸಿ ಎಂದು ಗಿರಾಕಿಗಳ ಎದುರೇ ಮುಖಕ್ಕೆ ಮಂಗಳಾರತಿ ಎತ್ತಿದೆ. ಅಕ್ಕ ಸಿಟ್ಟಾಗಲಿಲ್ಲ. ಪ್ರೀತಿಯಿಂದಲೇ ಹೇಳಿದರು.

"ಕಾಲು ಚಾಚಿ ಗಾದಿ ಮ್ಯಾಲ ಹೆಂಗ ಕುಂಡ್ರತಾರ, ತಂಗಿ? ಮಡಚಾಕ ಬಂದ ದಿನ ಬರ್ಲಿ, ಅವರಽ ಕುಂಡ್ರಲಿ. ಖರೇ ಹೇಳತೇನಿ, ನನಗೂ ಸಾಕಾಗೇತಿ."

ಆ ಮಾತನ್ನು ನಾನು ಗಂಟು ಹಾಕಿಕೊಂಡೆ. ಡಾಕ್ಟರು ತೋರಿಸಿಕೊಟ್ಟಂತೆ ದಿನಾ ಬೆಳಿಗ್ಗೆ ಅಡಿಗೆಮನೆಯ ನೆಲದ ಮೇಲೆ ಅವರನ್ನು ಕೂರಿಸಿ, ಬಿಸಿ ಉಪ್ಪಿನ ಗಂಟಿನ ಕಾವು ಕೊಟ್ಟು, ಹಿಮ್ಮಡಿ ಹಿಡಿದು ಒಳಕ್ಕೆ ಒತ್ತುತ್ತಿದ್ದೆ. ಡಾಕ್ಟರು ನಿಧಾನ ಎಂದಿದ್ದರು. ನನ್ನ ಹತ್ತಿರ ನಿಧಾನ ಇರಲಿಲ್ಲ. ಅವರು ಟಾವೆಲ್ಲು ಕಚ್ಚಿಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಿಡು ಬಿಡು ಎನ್ನುತ್ತಿದ್ದರು. ಎಂದೂ ದನಿ ಎತ್ತದ ಮನುಷ್ಯ ಒಂದೆರಡು ಸಲ ನನ್ನ ಕೈ ಮೇಲೆ ಹೊಡೆದರು ಕೂಡ. ನನ್ನದು ಒಂದೇ ಮಾತು.

"ಗಾದಿ ಬ್ಯಾಡೇನ್ರಿ?"

ಅಷ್ಟು ಕೇಳಿದರೆ ಟಾವೆಲ್ಲು ಮತ್ತೆ ಬಾಯಿಗೆ ಹೋಗುತ್ತಿತ್ತು. ಒಂದು ಚವತಿ ಹೋಯಿತು, ಇನ್ನೊಂದೂ ಹೋಯಿತು. ಊರಾಚೆ ರೈಲಿನ ಹಳಿಗೆಂದು ಗುಡ್ಡ ಕಡಿಯುತ್ತಿದ್ದ ಕಾಲ. ಅಲ್ಲಿಯ ಕೆಲಸದವರು ಬಟ್ಟೆಗೆ ನಮ್ಮಲ್ಲಿಗೇ ಬರುತ್ತಿದ್ದರು, ಅಂಗಡಿ ಉಬ್ಬುತ್ತಿತ್ತು. ಹಿಂದಿನ ಕೋಣೆಯಲ್ಲಿ ನಾವು ಮೊಣಕಾಲು ಬಗ್ಗಿಸುತ್ತಿದ್ದೆವು. ಕೋಲು ಹಿಡಿದು ಹಿತ್ತಲಲ್ಲಿ ನಡೆಸಿದೆ, ಕಟ್ಟೆಯ ಮೆಟ್ಟಿಲು ಹತ್ತಿಸಿ ಇಳಿಸಿದೆ, ಮಳೆ ಬಂದರೆ ಪಾಚಿಗಟ್ಟಿದ ಕಲ್ಲನ್ನು ನಾನೇ ಕೂತು ಉಜ್ಜಿದೆ. ಮತ್ತೆ ಬಿದ್ದರೆ ಎಲ್ಲಕ್ಕೂ ಎಳ್ಳುನೀರು ಬಿಟ್ಟಂತೆಯೇ.

ದೀಪಾವಳಿಗೆ ಕೆಲವು ದಿನ ಮುಂಚೆ ಕಾಲು ಮಡಚಿತು. ಒತ್ತುವುದೇ ಬೇಕಾಗಲಿಲ್ಲ. ಅವರೇ ಕೈಯಿಂದ ಪಾದ ಎಳೆದುಕೊಂಡು, ತೊಡೆಯ ಕೆಳಗೆ ಸೇರಿಸಿ, ಚಕ್ಕಳಮಕ್ಕಳ ಹಾಕಿ ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಬಣ್ಣ ಬಳಿಯುತ್ತಿದ್ದಾರೆ, ಲಕ್ಷ್ಮೀಪೂಜೆಯ ದಿನವೇ ಬನ್ನಿ ಎಂದು ಅಕ್ಕ ಹೇಳಿಕಳಿಸಿದ್ದರು.

ಪೂಜೆಯ ದಿನ ನಮ್ಮ ಮನೆಯವರು ಹೊಸ ಧೋತರ ಉಟ್ಟರು. ಟೋಪಿಯನ್ನೂ ಹಾಕಿಕೊಂಡರು, ಅಣ್ಣನಂಥದೇ ಕರಿ ಟೋಪಿ, ಯಾವಾಗ ತಂದಿಟ್ಟಿದ್ದರೋ ನನಗೆ ಗೊತ್ತಿಲ್ಲ. ಕೋಲು ಬಿಟ್ಟು ನಡೆದರು. ಪರದೆ ಸರಿಸಿದೆ.

ಎಡಮೂಲೆಯಲ್ಲಿ ಗಾದಿ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಕೌಂಟರು, ಅದರ ಹಿಂದೆ ಗರಗರ ತಿರುಗುವ ಕುರ್ಚಿ. ಕುರ್ಚಿಯ ಮೇಲೆ ಅಕ್ಕ, ಕೆಳಗೆ ಊದಿದ ಕಾಲಿಗೊಂದು ಮಣೆ. ನಮ್ಮನ್ನು ನೋಡಿ ಅರ್ಧ ಸುತ್ತು ತಿರುಗಿದರು.

"ನನ್ನ ಮೊಣಕಾಲೂ ಭಾಳ ನೋಯಾಕತ್ತಾವ. ನೆಲದ ಮ್ಯಾಲ ಕುಂಡ್ರಬ್ಯಾಡ್ರಿ ಅಂದ್ರು ಡಾಕ್ಟರು. ಗಾದಿ ಯಾರಿಗೂ ಕೊಟ್ಟಿಲ್ಲ, ನಿಮಗಂತನಽ ಇಟ್ಟೇನಿ. ಒಯ್ಯರಿ."

ಗಾದಿಯನ್ನು ಸುತ್ತಿ ತಲೆಯ ಮೇಲೆ ಹೊತ್ತು ನಮ್ಮ ಕೋಣೆಗೆ ತಂದುಹಾಕಿದವರು ಭಾವ. ಅಷ್ಟು ಭಾರ ಹೊತ್ತರೂ ಒಂದಿಷ್ಟೂ ಏದುಸಿರು ಬಿಡಲಿಲ್ಲ. ತಮ್ಮನ ಮುಖ ನೋಡದೆ, ಬಿಚ್ಚಿ ಹಾಸಿ, ಲೋಡನ್ನೂ ಗೋಡೆಗೆ ಒರಗಿಸಿ, ನಿಚ್ಚಣಿಕೆಗೆ ಹೊತ್ತಾಯಿತೆಂದು ಹೋದರು.

ನಾನು ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದೆ. ಬಾಯಿಗೆ ಬಂದದ್ದನ್ನೆಲ್ಲ ಅಕ್ಕನಿಗೆ ಬೈದೆ, ಭಾವನಿಗೆ ಬೈದೆ, ಮಡಗಾಂವದ ಡಾಕ್ಟರನ್ನೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನ ಕೋಣೆಯಿಂದ ನಮ್ಮ ಮನೆಯವರು ಕರೆದರು. ಬಾಗಿಲಿಂದ ಇಣುಕಿದೆ. ಧೋತರ ಒಣಹಾಕುವ ಹಗ್ಗದ ಕೆಳಗೆ, ಟೋಪಿ ಹಾಕಿಕೊಂಡೇ, ಗಾದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಏ, ಇಲ್ಲಿ ಬಾ, ನೋಡು. ಪೂರಾ ಮಡಚೇತಿ. ಈಗ ನೋಯೂದಽ ಇಲ್ಲ."

ಇಲ್ಲಿಂದಲೇ ಕಾಣುತ್ತದೆ ಎಂದು ಹೇಳಿ ನಾನು ಅನ್ನಕ್ಕೆ ಎಸರಿಟ್ಟೆ.