ಹೇಳದೆ ಉಳಿದ ಪ್ರಾರ್ಥನೆ

ನ್ಯೂ ಲಿನ್ ರೈಲು ನಿಲ್ದಾಣದಲ್ಲಿ ಗೆಳತಿ ಸುಧಾ ತನ್ನ ಪಕ್ಕದ ಮನೆಯ ಯಹೂದಿ ವೃದ್ಧರಿಗೆ ನನ್ನನ್ನು ಪರಿಚಯಿಸಿದಳು: “ಅಂಕಲ್, ಇವ್ಳು ದೊಡ್ಡ ಸ್ಕಾಲರ್!” ಅವರು ಕೋಲೂರಿ ಎದ್ದೇಬಿಟ್ಟರು. ಬೇರೆ ಧರ್ಮದ ಜ್ಞಾನಿಯನ್ನು ಕಂಡರೆ, ಆ ಜ್ಞಾನ ಕೊಟ್ಟ ದೇವರನ್ನು ಸ್ತುತಿಸುವುದು ಅವರಲ್ಲಿ ಪದ್ಧತಿಯಂತೆ.

“ಪಿಎಚ್.ಡಿ. ಮುಗೀತಾ?” ಎಂದು ನನ್ನನ್ನು ಕೇಳಿದರು.

“ಇಲ್ಲ. ಬಿಡ್ತೀನಿ ಅಂತ ಪತ್ರ ಕೊಡೋಕೇ ಹೊರಟಿದೀನಿ.”

“ಹಾಗಾದ್ರೆ ಆ ಪ್ರಾರ್ಥನೆ ಹೇಳೋಕಾಗಲ್ಲ. ದೇವರ ಹೆಸರು ಸುಮ್ನೆ ಎತ್ತೋ ಹಾಗಿಲ್ಲ,” ಎಂದು ಮತ್ತೆ ಕುಳಿತರು. “ಮುಗಿಸ್ಕೊಂಡು ಬಾಮ್ಮ. ಬೇಗ, ನಂಗೀಗ ಎಂಬತ್ತೆಂಟು.”

“ನೋಡೇ, ಅಜ್ಜನ್ನ ಕಾಯಿಸ್ಬೇಡ,” ಎಂದಳು ಸುಧಾ.

‘ಬೇಗ’ ಎನ್ನುವಾಗ ಆ ಅಜ್ಜ ನಕ್ಕರೇ? ನಾಳೆ ನೆನೆಸಿಕೊಳ್ಳುವಾಗ, ಅವರು ನಕ್ಕಿದ್ದರು ಎಂದೇ ನನಗೆ ಅನ್ನಿಸಿಬಿಡಬಹುದು. ಅದಕ್ಕೇ ರೈಲಿನಲ್ಲೇ ಬರೆದಿಡುತ್ತಿದ್ದೇನೆ. ನಗಲಿಲ್ಲ. ಮುಂದಿನ ನಿಲ್ದಾಣ ಆವಂಡೇಲ್ ದಾಟುವಷ್ಟರಲ್ಲಿ, ಪತ್ರದ ಹಿಂಬದಿಯಲ್ಲಿ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದ ಮೊದಲ ವಾಕ್ಯ ಬರೆದಾಗಿತ್ತು.